ಒಂದು ಗೇಣು ಮೇಲೆ

ದಾಂಡೇಲಿಯ ಕೆಳಗಿನ ಓಣಿಯ ಜನ ಸುಳ್ಳು ಹೇಳುವುದರಲ್ಲಿ ಬೇರೆ ಓಣಿಯವರಿಗಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಎಲ್ಲರ ಮನೆಯ ದೋಸೆಯೂ ತೂತೇ. ಆದರೆ ಒಂದು ಸುಳ್ಳು ಹೇಳಿ, ಅದೇ ವಾರದಲ್ಲಿ ಅದನ್ನು ತಲೆಕೆಳಗು ಮಾಡಿ ಇನ್ನೊಂದು ಸಲ ಹೇಳಿದ್ದು, ಅದೂ ಇಪ್ಪತ್ತೆರಡು ಮನೆಯವರು ಒಂದಿಷ್ಟೂ ನಾಚದೆ ಹೇಳಿದ್ದು, ಓಣಿ ಹುಟ್ಟಿದ ಮೇಲೆ ಅದೇ ಮೊದಲು. ಅದನ್ನೆಲ್ಲ ಕೇಳಿ ಬರೆದುಕೊಳ್ಳುವ ಹಣೆಬರಹ ಅನ್ನಪೂರ್ಣಾಳದಾಯಿತು.

ಅನ್ನಪೂರ್ಣಾ ಆ ಓಣಿಯ ಮಹಿಳಾ ಸಂಘದ ಅಧ್ಯಕ್ಷೆ. ಗಂಡ ಶಿವಯೋಗಿ ಪೇಪರ್ ಮಿಲ್ಲಿನ ಕೆಲಸಗಾರ. ಅತ್ತೆ ಗುರುಬಸವ್ವ ಧಾರವಾಡದ ಕಡೆಯಿಂದ ಮದುವೆಯಾಗಿ ಬಂದು ನಲವತ್ತು ವರ್ಷವಾದರೂ "ನಮ್ಮ ಕಡೆ ಹಿಂಗಿಲ್ಲವ್ವಾ" ಎನ್ನುವುದನ್ನು ಬಿಟ್ಟವಳಲ್ಲ. ಹಿತ್ತಲ ಬಾಗಿಲು ತೆಗೆದು ಇಪ್ಪತ್ತು ಹೆಜ್ಜೆ ಇಳಿದರೆ ಕಾಳಿ ಹೊಳೆ. ಬೇಸಿಗೆಯಲ್ಲಿ ಅದರಷ್ಟು ಸಾಧು ಇನ್ನೊಂದಿಲ್ಲ.

ಮೇ ತಿಂಗಳ ಒಂದು ಸೋಮವಾರ ನಗರಸಭೆಯ ಎಂಜಿನಿಯರ್ ಉದಯಕುಮಾರ ಅವಳ ಕೈಗೆ ಒಂದು ಚೀಲ ಕೊಟ್ಟ. ಒಳಗೆ ಅಳತೆಯ ಟೇಪು, ಸೀಮೆಸುಣ್ಣ, ಒಂದು ಡಬ್ಬಿ ಕೆಂಪು ಬಣ್ಣ, ಕುಂಚ, ಜೊತೆಗೆ 'ನೆರೆಬಯಲು ನಿರ್ವಹಣೆ' ಎಂಬ ದಪ್ಪ ಕೈಪಿಡಿ. ಉದಯಕುಮಾರ ಮುಂಡಗೋಡದ ಹತ್ತಿರದ ಸನವಳ್ಳಿಯವ, ಒಳ್ಳೆಯ ಹುಡುಗ, ಮಾತು ಸ್ವಲ್ಪ ಅವಸರ.

"ನೋಡ್ರಿ ಅಕ್ಕಾರ, ಆ ದೊಡ್ಡ ನೆರಿ ಬಂದಾಗ ಯಾವ ಮನ್ಯಾಗ ಎಲ್ಲೀತನಕ ನೀರು ನಿಂತಿತ್ತು ಅಂತ ಕೇಳಿ, ಗ್ವಾಡಿ ಮ್ಯಾಲ ಕೆಂಪ ಗೆರಿ ಹೊಡೀಬೇಕು. ಅದರ ಮ್ಯಾಲಿಂದ ನಕ್ಷೆ ಆಗ್ತೈತಿ. ಎದಿಮಟ್ಟ ನೀರು ಬಂದ ಓಣಿಗೆ ದೋಣಿ ಕೊಡ್ತೇವಿ. ದೋಣಿ, ಹಗ್ಗ, ಜಾಕೀಟು, ನಡೆಸಾಕ ತರಬೇತಿ, ಎಲ್ಲಾ. ಆದ್ರ ದೋಣಿ ಒಂದ ಐತ್ರಿ. ಸೇತುವಿ ಕಡೆ ಓಣಿಯವರು ಈಗಾಗಲೇ ಗೆರಿ ಹೊಡದು ಕೊಟ್ಟಾರ. ನಿಮ್ಮದು ಬರೂ ಸೋಮವಾರದೊಳಗ ಬರಬೇಕು."

ಮನೆಗೆ ಬಂದ ಮೇಲೆ ಗುರುಬಸವ್ವ ಕೈಪಿಡಿಯ ಹೆಸರನ್ನು ಅಕ್ಷರ ಕೂಡಿಸಿ ಓದಿದಳು. "ಹೊಳಿ ನಿರ್ವಹಣಾ ಮಾಡ್ತಾರಂತ! ಹೆತ್ತ ಮಗನ್ನ ನಿರ್ವಹಣಾ ಮಾಡಾಕ ಆಗವಲ್ದು ನನಗ," ಎಂದಳು.

ಅನ್ನಪೂರ್ಣಾ ನಗಲಿಲ್ಲ. ಅವಳಿಗೆ ಆ ದೋಣಿ ಬೇಕಾಗಿತ್ತು. ಏಳು ವರ್ಷದ ಹಿಂದಿನ ಆ ನೆರೆಯ ದಿನ ರೊಟ್ಟಿ ತಟ್ಟುವ ಹೊತ್ತಿಗೆ ನೀರು ಹಿತ್ತಲ ಬಾಗಿಲಿಂದ ಒಳಗೆ ಬಂದಿತ್ತು. ಮೊದಲು ಒಲೆ ಹೋಯಿತು, ಆಮೇಲೆ ಮಂಚ, ಆಮೇಲೆ ಕಪಾಟು. ಅತ್ತೆಯ ಸೊಂಟಕ್ಕೆ ಎರಡು ಸೀರೆ ಕಟ್ಟಿ, ಮೇಲಿಂದ ಶಿವಯೋಗಿ ಎಳೆದು, ಕೆಳಗಿಂದ ತಾನು ಹೆಗಲು ಕೊಟ್ಟು ನೂಕಿ, ತಗಡಿನ ಛಾವಣಿಯ ಮೇಲೆ ಏರಿಸಿದ್ದರು. ಪಕ್ಕದಲ್ಲಿ ಓಣಿಯ ದುರ್ಗಪ್ಪನ ಎರಡು ಆಡು. ಆರು ತಾಸು ಮಳೆಯಲ್ಲಿ ಕೂತ ಮೇಲೆ ದೋಣಿ ಬಂತು, ಯಾಕೆಂದರೆ ಊರಿಗಿದ್ದ ಒಂದೇ ದೋಣಿ ಸೇತುವೆಯ ಕಡೆ ಹೋಗಿತ್ತು. ಆಗ ಗುರುಬಸವ್ವನ ಮೊಣಕಾಲು ಗಟ್ಟಿ ಇದ್ದವು. ಈಗ ನೆಲದಿಂದ ಏಳಬೇಕಾದರೆ ಮೂರು ಸಲ ಶಿವನನ್ನು ಕರೆಯುತ್ತಾಳೆ, ನಾಲ್ಕನೆಯ ಸಲ ಸೊಸೆಯನ್ನು. ಇನ್ನೊಂದು ಸಲ ಹೊಳೆ ಬಂದರೆ ಈ ಜೀವವನ್ನು ತಗಡಿನ ಮೇಲೆ ಏರಿಸುವುದು ಹೇಗೆ ಎಂಬ ಯೋಚನೆ ಅನ್ನಪೂರ್ಣಾಳಿಗೆ ಪ್ರತಿ ಜೂನ್ ತಿಂಗಳಲ್ಲೂ ನಿದ್ದೆ ಕೆಡಿಸುತ್ತಿತ್ತು.

ಮಂಗಳವಾರ ಟೇಪು ಹಿಡಿದು ಹೊರಟಳು. ಮೊದಲ ಮನೆ ದುರ್ಗಪ್ಪನದು. ದುರ್ಗಪ್ಪ ಮಿಲ್ಲಿನಿಂದ ನಿವೃತ್ತನಾದ ಮೇಲೆ ಓಣಿಯ ಆಕಾಶವಾಣಿ ಆಗಿದ್ದ. ಕೆಂಪು ಗೆರೆ ಎಷ್ಟು ಮೇಲಿದ್ದರೆ ಅಷ್ಟು ದೊಡ್ಡ ಮನೆಯನ್ನು ಸರಕಾರ ಹಳಿಯಾಳ ರೋಡಿನಲ್ಲಿ ಕಟ್ಟಿಸಿಕೊಡುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು. ಯಾರು ಎಂದರೆ ಅವನೇ.

"ನೀರು ಎಲ್ಲೀತನಕ ಬಂದಿತ್ತು, ಕಾಕಾ?"

"ಬರ್ಕೋ ಅನ್ನಪೂರ್ಣಾ, ಒಂಬತ್ತ ಫೂಟು."

"ಕಾಕಾ, ನಿಮ್ಮ ಗ್ವಾಡಿನ ಎಂಟ ಫೂಟ ಐತಿ."

"ಹಂಗಂದ್ರ ಎಂಟ ಬರ್ಕೋ. ಉಳದ ಒಂದ ಫೂಟು ಹಂಚಿನ ಮ್ಯಾಲ ಬರ್ಕೋ," ಎಂದ ದುರ್ಗಪ್ಪ.

ಆ ಮಂಗಳವಾರ ಓಣಿಯಲ್ಲಿ ಎಂಟು ಫೂಟಿಗಿಂತ ಕಡಿಮೆ ನೀರು ಯಾರ ಮನೆಗೂ ಬಂದಿರಲಿಲ್ಲ. ನಾಲ್ಕು ಮೆಟ್ಟಿಲು ಎತ್ತರದ ಕಟ್ಟೆಯ ಮೇಲಿದ್ದ ಮನೆಯವರೂ ತೇಲಿಹೋಗಿದ್ದರು. ಒಬ್ಬ ಅಜ್ಜಿಯಂತೂ ಫ್ಯಾನಿನ ರೆಕ್ಕೆ ಹಿಡಿದುಕೊಂಡು ಬದುಕಿದೆ ಎಂದು ಕಣ್ಣೀರು ಹಾಕಿದಳು. ಆ ಮನೆಗೆ ಫ್ಯಾನು ಬಂದದ್ದು ಹೋದ ವರ್ಷ.

ಅನ್ನಪೂರ್ಣಾ ತಲೆಯ ಮೇಲೆ ಕೈ ಹೊತ್ತಳು. ಇದನ್ನು ಕೊಟ್ಟರೆ ಉದಯಕುಮಾರ ನಕ್ಕು ಹರಿದುಹಾಕುತ್ತಾನೆ. ಇನ್ನೊಂದು ಸಲ ಕೇಳೋಣ ಎಂದುಕೊಂಡು ಗುರುವಾರ ಮತ್ತೆ ಹೊರಟಳು. ಅಷ್ಟರಲ್ಲಿ ಆಕಾಶವಾಣಿಯ ಸುದ್ದಿ ಬದಲಾಗಿತ್ತು. ಕೆಂಪು ಗೆರೆ ಬಿದ್ದ ಮನೆಯನ್ನು ಕೆಡವುತ್ತಾರಂತೆ, ಜನರನ್ನು ಲಾರಿಯಲ್ಲಿ ತುಂಬಿ ಅನಮೋಡದ ಗಡಿಗೆ ಒಯ್ದು ಬಿಡುತ್ತಾರಂತೆ.

"ನೀರೇ? ಯಾವ ನೀರವ್ವಾ?" ಎಂದ ದುರ್ಗಪ್ಪ. "ಹೊಸ್ತಲಾ ತನಕ ಬಂತು, ನಮಸ್ಕಾರ ಮಾಡ್ತು, ಹೊಳ್ಳಿ ಹೋತು. ಒಳಗ ಬಾ ಅಂತ ಕರದೆ. ಬರಲೇ ಇಲ್ಲ."

"ಮೊನ್ನೆ ಒಂಬತ್ತ ಫೂಟ ಅಂದ್ರಿ!"

"ಅದು ಬ್ಯಾರೆ ನೆರಿ."

ಆ ಗುರುವಾರ ಇಡೀ ಓಣಿಯಲ್ಲಿ ಯಾರ ಹಿಮ್ಮಡಿಯೂ ತೊಯ್ದಿರಲಿಲ್ಲ. ಫ್ಯಾನು ಹಿಡಿದುಕೊಂಡಿದ್ದ ಅಜ್ಜಿ, ಆ ದಿನ ತಾನು ಅಂಗಳದಲ್ಲಿ ಹಪ್ಪಳ ಒಣಗಿಸಿದ್ದೆ ಎಂದಳು. ಸುಡಲಿ ಇವರ ಬಾಯಿ, ಎಂದು ಅನ್ನಪೂರ್ಣಾ ದಾರಿಯುದ್ದಕ್ಕೂ ಬೈದುಕೊಂಡಳು.

ಮನೆಗೆ ಬಂದರೆ ಅಲ್ಲಿ ಇನ್ನೊಂದು ತಕರಾರು. ಶಿವಯೋಗಿ ಹಿತ್ತಲಲ್ಲಿ, ಹೊಳೆಗೆ ಮುಖಮಾಡಿ, ಒಂದು ಹೋಂಸ್ಟೇ ಕೋಣೆ ಕಟ್ಟಿಸುತ್ತಿದ್ದ. ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಛಾವಣಿ ಇನ್ನೂ ಇರಲಿಲ್ಲ, 'ಕಾಳಿ ವ್ಯೂ' ಎಂಬ ಬೋರ್ಡು ಮಾತ್ರ ತಯಾರಾಗಿ ಮಂಚದ ಕೆಳಗೆ ಇತ್ತು. ಹೊಳೆಯಲ್ಲಿ ರಾಫ್ಟಿಂಗ್ ಆಡಲು ಬರುವ ಮಂದಿ ತನ್ನ ಹಿತ್ತಲಲ್ಲಿ ಮಲಗಿ, ಬೆಳಿಗ್ಗೆ ಅವ್ವನ ಕೈಯ ರೊಟ್ಟಿ ತಿಂದು ಹೊಗಳುತ್ತಾರೆ ಎಂಬ ಕನಸು ಅವನದು.

"ನಮ್ಮ ಮನಿಗೆ ಗೆರಿ ಹೊಡೀಬ್ಯಾಡ," ಎಂದ. "ಗೆರಿ ಇದ್ದಲ್ಲಿ ನೆಲಕ್ಕ ಹತ್ತಿ ಕ್ವಾಣಿ ಕಟ್ಟಾಕ ಪರವಾನಗಿ ಕೊಡಂಗಿಲ್ಲಂತ. ನಿನ್ನ ಕೈಪಿಡಿಯೊಳಗ ಐತಿ."

"ಐತ್ರಿ. ಕಂಬದ ಮ್ಯಾಲ ಎತ್ತರಿಸಿ ಕಟ್ಟಬಹುದು ಅಂತನೂ ಐತಿ. ಮುಂದಿನ ಹಾಳಿ ತಿರುವಿ ಹಾಕ್ರಿ."

"ಕಟ್ಟಿದ್ದು ಕೆಡವಿ ಕಂಬ ನಿಂದರಸಲೇನು? ಹುಚ್ಚಿ ಅದೀ ನೀನು."

"ಮತ್ತ ಅತ್ತಿನ್ನ ಎಲ್ಲೆ ಏರಸ್ತೀರಿ, ನೀರು ಬಂದ್ರ?"

"ಬಂದಾಗ ನೋಡೂಣು," ಎಂದು ಶಿವಯೋಗಿ ಬುತ್ತಿ ತೆಗೆದುಕೊಂಡು ಶಿಫ್ಟಿಗೆ ಹೋದ. ಅವನು ಕೆಟ್ಟವನಲ್ಲ. ತಾಯಿಯೆಂದರೆ ಪ್ರಾಣ. ಆದರೆ ಮೇ ತಿಂಗಳಲ್ಲಿ ಹೊಳೆಯನ್ನು ನೋಡಿದ ಗಂಡಸಿಗೆ ಆಗಸ್ಟಿನ ಬುದ್ಧಿ ಬರುವುದಿಲ್ಲ.

ಶುಕ್ರವಾರ ಅನ್ನಪೂರ್ಣಾ ಸಂಘದ ಕಾಗದಕ್ಕೆ ಸಹಿ ಹಾಕಿಸಲು ಮಾಲವ್ವನ ಮನೆಗೆ ಹೋದಳು. ಮಾಲವ್ವ ಗಟ್ಟಿಮುಟ್ಟಾದ ಹೆಂಗಸು, ಬಾಯಿಯೂ ಹಾಗೆಯೇ. ಅವಳು ಒಂದು ಸ್ಟೂಲಿನ ಮೇಲೆ ನಿಂತು, ಕೈ ಚಾಚಿ, ಗೋಡೆಗೆ ಹಾಕಿದ ಕಲ್ಲಿನ ಹಲಗೆಯ ಮೇಲಿನ ದೇವರಿಗೆ ದೀಪ ಹಚ್ಚುತ್ತಿದ್ದಳು. ಕಡ್ಡಿ ಎರಡು ಸಲ ಆರಿತು.

"ದೇವರ ಜಗಲಿ ಅಷ್ಟ ಮ್ಯಾಲ ಯಾಕಿಟ್ಟೀರಿ, ಮಾಲಕ್ಕಾ?" ಎಂದಳು ಅನ್ನಪೂರ್ಣಾ, ಸುಮ್ಮನೆ ಮಾತಿಗೆ.

"ದೇವರನ್ನ ಮತ್ತ ತೋಯಿಸಿದ್ರ ಪಾಪ ಸುತ್ತಕೊಳ್ಳೂದಿಲ್ಲೇನು? ನಿಮ್ಮ ಅತ್ತಿನ ಹೇಳಿದ್ಲಲ್ಲ, ನೀರು ಮುಟ್ಟಿದ ಗುರ್ತಿನ ಮ್ಯಾಲ ಒಂದು ಗೇಣು ಬಿಟ್ಟು ಜಗಲಿ ಹಾಕ್ರಿ ಅಂತ. ಓಣಿ ತುಂಬ ಹಂಗ ಹಾಕೇವಿ." ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದೇನು ಎಂದು ಮಾಲವ್ವನಿಗೆ ತಿಳಿಯಿತು. ಕಡ್ಡಿ ಬೆರಳು ಸುಟ್ಟಿತು.

"ಹೊಸ್ತಲಾ ತನಕ ಬಂದು ನಮಸ್ಕಾರ ಮಾಡಿದ ನೀರಿಗೆ ಜಗಲಿ ಇಷ್ಟ ಎತ್ತರ ಯಾಕ ಬೇಕಾತಕ್ಕಾ?" ಎಂದಳು ಅನ್ನಪೂರ್ಣಾ.

"ಎವ್ವಾ! ನನ್ನ ಬಾಯಿಗಿಷ್ಟು ಬೆಂಕಿ ಹಾಕ," ಎಂದು ಮಾಲವ್ವ ಸ್ಟೂಲಿನ ಮೇಲೆಯೇ ಕುಸಿದು ಕೂತು ನಗತೊಡಗಿದಳು.

ನೆರೆ ಇಳಿದ ಮೇಲೆ, ದೇವರು ಕೆಸರಿನಲ್ಲಿ ಬಿದ್ದದ್ದನ್ನು ನೋಡಿ ಗುರುಬಸವ್ವ ಮೂರು ದಿನ ಊಟ ಬಿಟ್ಟಿದ್ದಳು. ನಾಲ್ಕನೆಯ ದಿನ ಉಂಡು, ಓಣಿಗೆ ಈ ಕಟ್ಟಳೆ ಹಾಕಿದ್ದಳು. ಅನ್ನಪೂರ್ಣಾ ತನ್ನ ಮನೆಯಲ್ಲೂ ದಿನಾ ಸ್ಟೂಲು ಹತ್ತಿಯೇ ಹೂವು ಏರಿಸುತ್ತಿದ್ದಳು. ಏಳು ವರ್ಷ ಹತ್ತಿದರೂ ಯಾಕೆ ಹತ್ತುತ್ತಿದ್ದೇನೆ ಎಂದು ಯೋಚಿಸಿರಲಿಲ್ಲ. ಮನುಷ್ಯರ ಎದುರು ಸುಳ್ಳು ಹೇಳಬಹುದು. ದೇವರನ್ನು ನೀರಿನಲ್ಲಿ ಇಡುವ ಧೈರ್ಯ ಈ ಓಣಿಯಲ್ಲಿ ಯಾರಿಗಿದೆ?

ಮಾಲವ್ವನನ್ನು ಎಳೆದುಕೊಂಡು ಹೊರಟೇಬಿಟ್ಟಳು. ಸಂಘದ ಕಡೆಯಿಂದ ಎಲ್ಲರ ಮನೆಯ ದೇವರಿಗೆ ವಿಭೂತಿ, ಭಂಡಾರ, ಹೂವು ಎಂದು ಒಂದು ನೆಪ ಮಾಡಿದಳು. ಒಳಗೆ ಹೋಗುವುದು, ಬೇಕಾದಲ್ಲಿ ಸ್ಟೂಲು ಕೇಳುವುದು, ಹೂವು ಏರಿಸುವುದು, ನೆಲದಿಂದ ಜಗಲಿಯವರೆಗೆ ಟೇಪು ಇಳಿಬಿಡುವುದು. ಮನೆಯವರು ದೇವರಿಗೆ ಅಳತೆ ಯಾಕೆ ಎಂದರೆ, ಮಾಲವ್ವ "ಮಂಟಪ ಮಾಡಿಸೂದೈತಿ" ಎನ್ನುವಳು. ಸುಳ್ಳಿಗೆ ಸುಳ್ಳು, ತಪ್ಪೇನಿಲ್ಲ.

ಸಂಜೆ ಅನ್ನಪೂರ್ಣಾ ಅಂಕಿಗಳನ್ನು ಸಾಲಾಗಿ ಬರೆದು ನೋಡಿದಳು. ಒಂದು ಮನೆಯಲ್ಲಿ ಆರು ಫೂಟು, ಇನ್ನೊಂದರಲ್ಲಿ ನಾಲ್ಕೂವರೆ, ದುರ್ಗಪ್ಪನ ಮನೆಯಲ್ಲಿ ಮೂರೂ ಮುಕ್ಕಾಲು. ಒಂದಕ್ಕೊಂದು ತಾಳೆಯಿಲ್ಲ. ದೇವರುಗಳೂ ಜನರ ಜೊತೆ ಸೇರಿಬಿಟ್ಟರೇ ಎನಿಸಿತು.

ದಾರಿ ತೋರಿಸಿದ್ದು ಗಂಡನ ಹೋಂಸ್ಟೇ. ಶನಿವಾರ ಹಿತ್ತಲಲ್ಲಿ ಗೌಂಡಿ ತನ್ನ ಲೆವೆಲ್ ಪೈಪು ಹಿಡಿದು ಗೋಡೆಯ ಮಟ್ಟ ನೋಡುತ್ತಿದ್ದ. ಉದ್ದನೆಯ ಪಾರದರ್ಶಕ ಪೈಪು, ಒಳಗೆ ನೀರು; ಒಂದು ತುದಿ ಇಲ್ಲಿ, ಇನ್ನೊಂದು ಅಲ್ಲಿ. ನೆಲ ಏರಿರಲಿ ಇಳಿದಿರಲಿ, ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅನ್ನಪೂರ್ಣಾ ರೊಟ್ಟಿಯ ಹಿಟ್ಟಿನ ಕೈಯಲ್ಲೇ ನಿಂತು ನೋಡಿದಳು. ಓಣಿಯ ಮನೆಗಳ ಕಟ್ಟೆ ಹೆಚ್ಚು ಕಡಿಮೆ ಇವೆ. ಅಂದ ಮೇಲೆ ನೆಲದಿಂದ ಅಳೆದರೆ ತಾಳೆ ಎಲ್ಲಿ ಬಂದೀತು?

ಭಾನುವಾರ ಗೌಂಡಿಗೆ ರಜೆ. ಗುರುಬಸವ್ವ ಓಣಿಯ ಕೆಲವರ ಜೊತೆ ಉಳವಿಗೆ ದೇವರ ದರ್ಶನಕ್ಕೆ ಹೋಗಿದ್ದಳು, ಬರುವುದು ಮರುದಿನ ಬೆಳಿಗ್ಗೆಯ ಬಸ್ಸಿಗೆ. ಅನ್ನಪೂರ್ಣಾ ಮತ್ತು ಮಾಲವ್ವ ಪೈಪು ಹಿಡಿದು ಮನೆಯಿಂದ ಮನೆಗೆ ಹೋದರು. ಮಾಲವ್ವನ ಜಗಲಿಗೆ ಒಂದು ತುದಿ, ಕಿಟಕಿಯಿಂದ ಆಚೆ ತೆಗೆದು ಪಕ್ಕದ ಮನೆಯ ಜಗಲಿಗೆ ಇನ್ನೊಂದು ತುದಿ. ನೀರು ತೂಗಾಡಿತು, ನಿಂತಿತು. ಜಗಲಿಯ ಕಲ್ಲಿಗೆ ಸರಿಯಾಗಿ ನಿಂತಿತು. ಅಲ್ಲಿಂದ ಮುಂದಿನ ಮನೆಗೆ. ಅಲ್ಲೂ ಅಷ್ಟೇ. ಎರಡು ಬೆರಳು ಆಚೀಚೆ, ಅದು ಅವರವರ ಗೇಣಿನ ತಪ್ಪು. ಕೊನೆಗೆ ದುರ್ಗಪ್ಪನ ಮನೆ ತಲುಪಿದರು. ಇಡೀ ಓಣಿಯ ದೇವರುಗಳು, ಬಸವಣ್ಣ, ವೀರಭದ್ರ, ಎಲ್ಲಮ್ಮ, ದುರ್ಗವ್ವ, ಎಲ್ಲರೂ ಒಂದೇ ಮಟ್ಟದಲ್ಲಿ ಕೂತಿದ್ದರು. ಅದರ ಒಂದು ಗೇಣು ಕೆಳಗೆ ಆ ದಿನದ ನೀರು. ಸಂತೋಷಕ್ಕೆ ಅವಳಿಗೆ ಅಳು ಬಂತು. ತನ್ನ ಮನೆಯನ್ನು ಅಳೆಯಲಿಲ್ಲ. ಅದು ಗೊತ್ತೇ ಇದೆಯಲ್ಲ, ಸಾಹೇಬರ ಎದುರೇ ಅಳೆದು ತೋರಿಸೋಣ ಎಂದುಕೊಂಡಳು.

ಓಣಿಯಲ್ಲಿ ಗುಟ್ಟು ಎಷ್ಟು ಹೊತ್ತು ಇದ್ದೀತು? ಸಂಜೆಗೆ ಗಂಡಸರಿಗೆಲ್ಲ ತಿಳಿಯಿತು. ದುರ್ಗಪ್ಪ ಸುತ್ತಿಗೆ ತೆಗೆದುಕೊಂಡು ಜಗಲಿಯನ್ನು ಕೆಳಗಿಳಿಸಲು ಹೊರಟ. ಅವನ ಹೆಂಡತಿ ಯಲ್ಲವ್ವ ಅಡ್ಡ ನಿಂತಳು.

"ದುರ್ಗವ್ವನ್ನ ಇಳಸ್ತೀಯೇನು? ಮೊದಲ ನಿನ್ನ ಇಳಸ್ತೇನಿ. ನಾಳಿಂದ ನಿನ್ನ ರೊಟ್ಟಿ ನೀನ ಬಡಕೋ."

ದುರ್ಗಪ್ಪ ಸುತ್ತಿಗೆಯನ್ನು ಎಲ್ಲಿಂದ ತಂದಿದ್ದನೋ ಅಲ್ಲೇ ಇಟ್ಟ. ಮನೆಮನೆಯಲ್ಲೂ ಇದೇ ಕತೆ. ಹೆಂಗಸರ ಮುಂದೆ ಒಂದು ಸುತ್ತಿಗೆಯೂ ನಡೆಯಲಿಲ್ಲ. ಒಂದು ಮನೆಯಲ್ಲಿ ಮಾತ್ರ ಅಡ್ಡ ನಿಲ್ಲುವವಳು ಉಳವಿಯಲ್ಲಿದ್ದಳು.

ಸೋಮವಾರ ಬೆಳಿಗ್ಗೆ ಅನ್ನಪೂರ್ಣಾ ನಗರಸಭೆಗೆ ಹೋಗಿ ಉದಯಕುಮಾರನನ್ನೂ, ಅವನ ಜೊತೆ ತಾಲೂಕಿನ ಒಬ್ಬ ಸಾಹೇಬರನ್ನೂ ಕರೆದುಕೊಂಡು ಬಂದಳು. ಪೈಪು ಮನೆಯಿಂದ ಮನೆಗೆ ಹೋಯಿತು. ಸಾಹೇಬರು ಮೊದಲು ನಕ್ಕರು, ನಾಲ್ಕನೆಯ ಮನೆಗೆ ಗಂಭೀರವಾದರು, ಹತ್ತನೆಯ ಮನೆಗೆ ಚಪ್ಪಲಿ ಬಿಟ್ಟು ಕೈಮುಗಿದರು. ಹೆಂಗಸರು ತಮ್ಮ ತಮ್ಮ ಜಗಲಿ ತೋರಿಸುತ್ತ ಸೆರಗು ಸರಿಮಾಡಿಕೊಂಡರು. "ಇಷ್ಟ ಖರೇ ಲೆಕ್ಕ ನಾನು ಯಾವ ಊರಾಗೂ ನೋಡಿಲ್ರಿ," ಎಂದ ಉದಯಕುಮಾರ.

ಕೊನೆಗೆ ಅನ್ನಪೂರ್ಣಾಳ ಮನೆ. ಒಳಗೆ ಕಾಲಿಟ್ಟವಳೇ ಅವಳು ಕಂಬದಂತೆ ನಿಂತಳು. ಬೆಳಿಗ್ಗೆ ಅವಳು ಹೂವು ಏರಿಸಿ ಹೋದಾಗ ಮೇಲಿದ್ದ ದೇವರ ಜಗಲಿ ಈಗ ಸೊಂಟದ ಮಟ್ಟಕ್ಕೆ ಇಳಿದಿತ್ತು. ಮೊದಲಿದ್ದ ಜಾಗಕ್ಕೆ ಹಸಿ ಸಿಮೆಂಟು ಮೆತ್ತಿ, ಅದರ ಮೇಲೆ ಕ್ಯಾಲೆಂಡರು ತೂಗುಹಾಕಲಾಗಿತ್ತು. ಪಕ್ಕದಲ್ಲಿ ಶಿವಯೋಗಿ ಕೈಕಟ್ಟಿಕೊಂಡು ನಿಂತಿದ್ದ. ಮೊಣಕೈಯವರೆಗೆ ಸಿಮೆಂಟಿತ್ತು.

"ನಮ್ಮಲ್ಲಿ ಅಷ್ಟೇನ ಬಂದಿಲ್ರಿ ಸಾಹೇಬ್ರ," ಎಂದ. "ನೋಡ್ರಿ, ದೇವರು ಎಷ್ಟ ಕೆಳಗ ಅದಾನ."

ಉದಯಕುಮಾರ ಅನ್ನಪೂರ್ಣಾಳ ಮುಖ ನೋಡಿದ. "ಅಕ್ಕಾರ, ಅಳತಿ ಮಾಡಿದವರ ಮನೀನ ತಾಳೆ ಆಗಲಿಲ್ಲ ಅಂದ್ರ ಎಲ್ಲಾ ಅಳತೀನೂ ಸಂಶಯ ಅಂತಾರ್ರಿ," ಎಂದ ಮೆಲ್ಲಗೆ. ಗಂಡನನ್ನು ಹತ್ತು ಮಂದಿಯ ಮುಂದೆ ಸುಳ್ಳುಗಾರ ಎನ್ನುವುದು ಹೇಗೆ? ಅನ್ನದಿದ್ದರೆ ದೋಣಿ ಸೇತುವೆಯ ಕಡೆಗೆ ಹೋಯಿತು. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದಳು.

ಆಗ ಬಾಗಿಲಲ್ಲಿ "ಶಿವಾ, ಶಿವಾ" ಎಂಬ ದನಿ ಕೇಳಿತು. ಗುರುಬಸವ್ವ ಉಳವಿಯ ಪ್ರಸಾದದ ಗಂಟು ಹಿಡಿದು, ಚೌಕಟ್ಟಿಗೆ ಕೈಕೊಟ್ಟು ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ಮಂದಿಯನ್ನು ನೋಡಿದಳು. ಪ್ರಸಾದವನ್ನು ದೇವರ ಮುಂದಿಡಲು ವಾಡಿಕೆಯಂತೆ ತಲೆ ಮೇಲೆತ್ತಿದಳು. ಅಲ್ಲಿ ಕ್ಯಾಲೆಂಡರಿತ್ತು. ತಲೆ ಕೆಳಗೆ ತಂದಳು. ಅಲ್ಲಿ ದೇವರಿದ್ದ.

"ಯಾರ ಇಳಿಸಿದ್ರು?"

ಕೈಗೆ ಸಿಮೆಂಟು ಹತ್ತಿದವನು ಒಬ್ಬನೇ ಇದ್ದ.

"ನಿನ್ನ ಸಲುವಾಗಿ, ಅವ್ವಾ," ಎಂದ ಶಿವಯೋಗಿ. "ನಿನ್ನ ಮೊಣಕಾಲ ನೋವು ನೋಡಾಕ ಆಗವಲ್ದು ನನಗ. ನೀ ಒಮ್ಮೆ ಸ್ಟೂಲ ಹತ್ತಾಕ ಹೋಗಿ... ಬಿದ್ದಿ-ಗಿದ್ದಿ ಅಂತ..."

ಪಾಪ, ಆ ಮಾತಿನಲ್ಲಿ ಅರ್ಧ ನಿಜವೂ ಇತ್ತು. ಗುರುಬಸವ್ವ ಬಾಗಿ ತನ್ನ ಮೊಣಕಾಲು ಒತ್ತಿಕೊಂಡಳು.

"ಹೌದಪ್ಪಾ. ಖರೇ ಐತಿ. ಒಂದು ಸ್ಟೂಲ ಹತ್ತಾಕ ಆಗವಲ್ದು ನನಗ," ಎಂದಳು. "ಹಂಗಾರ ಮತ್ತ ಹೊಳಿ ಬಂದ್ರ ತಗಡ ಹೆಂಗ ಹತ್ತಲೋ?"

ಶಿವಯೋಗಿ ಸಿಮೆಂಟಿನ ಕೈಗಳನ್ನು ಬೆನ್ನ ಹಿಂದೆ ಮಾಡಿದ.

"ದೇವರು ಹಗರ ಅದಾನ, ಎತ್ತಿ ಬಗಲಾಗ ಇಟಗೋತೀ. ನಾ ಭಾರ ಅದೇನಿ. ನನ್ನ ಎಲ್ಲೆ ಇಡ್ತೀ?" ಎಂದು ಗುರುಬಸವ್ವ ಗಂಟನ್ನು ಸೊಸೆಯ ಕೈಗೆ ಕೊಟ್ಟು, ಗೋಡೆಗೆ ಬೆನ್ನು ಹಚ್ಚಿ ನೆಟ್ಟಗೆ ನಿಂತಳು. "ಅವತ್ತ ನನ್ನ ಮ್ಯಾಲ ಎಳಕೊಂಡಾಂವ ನೀನ. ಎಲ್ಲೀತನಕ ಬಂದಿತ್ತು, ನೀನ ತೋರ್ಸು ಸಾಹೇಬರಿಗೆ."

ಶಿವಯೋಗಿ ಸಾಹೇಬರ ಕಡೆ ನೋಡಲಿಲ್ಲ. ತಾಯಿಯ ಹತ್ತಿರ ಹೋದ. ಕೈ ಎತ್ತಿ ಅವಳ ಭುಜದ ಹತ್ತಿರ ತಂದ, ಗಲ್ಲದ ಹತ್ತಿರ ತಂದ, ಅಲ್ಲಿ ಒಂದು ಕ್ಷಣ ತಡೆದ. ಆಮೇಲೆ ನೆತ್ತಿಯ ಬಿಳಿಗೂದಲು ದಾಟಿಸಿ, ಇನ್ನೂ ಅರ್ಧ ಗೇಣು ಮೇಲೆ ಒಯ್ದು, ಗೋಡೆಗೆ ಅಂಗೈ ಊರಿದ. ಅಂಗೈ ಅಲ್ಲೇ ಇತ್ತು, ಅವನ ಕಣ್ಣಲ್ಲಿ ನೀರು ಬಂತು. ಇನ್ನೊಂದು ಕೈಯಿಂದ ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಸಿಮೆಂಟು ಹಚ್ಚಿಕೊಂಡ.

ಅನ್ನಪೂರ್ಣಾ ಡಬ್ಬಿ ತೆರೆದು, ಗಂಡನ ಅಂಗೈಯ ಮಟ್ಟಕ್ಕೆ ಕುಂಚ ಇಟ್ಟು, ಅತ್ತೆಯ ತಲೆಯ ಮೇಲಿಂದ ಕೆಂಪು ಗೆರೆ ಎಳೆದಳು. ಒಂದು ಹನಿ ಗುರುಬಸವ್ವನ ಹಣೆಯ ಮೇಲೆ ಬಿತ್ತು. ಅವಳು ಅಲುಗಾಡಲಿಲ್ಲ. ಉದಯಕುಮಾರ ಪಕ್ಕದ ಮನೆಯ ಜಗಲಿಯಿಂದ ಪೈಪು ಎಳೆದು ತಂದು ಹಿಡಿದ; ನೀರು ಕೆಂಪು ಗೆರೆಯಿಂದ ಸರಿಯಾಗಿ ಒಂದು ಗೇಣು ಮೇಲೆ ನಿಂತಿತು.

"ಸಾಹೇಬ್ರ," ಎಂದ ಶಿವಯೋಗಿ, ಗೋಡೆಯಿಂದ ಕೈ ತೆಗೆಯದೆ, "ಆ ದೋಣಿ ಮಳಿಗಾಲಕ್ಕಿಂತ ಮೊದಲ ಬರ್ತೈತಲ್ರಿ?"